ಕ್ರಿಮಿ ಸತ್ತದ್ದೇನೋ ಹೌದು, ಮದ್ದು ಮಾತ್ರ ಆಗ್ಲಿಲ್ಲ: ನನ್ನ ಎಂ.ಫಾರ್ಮಾ ಪ್ರಾಜೆಕ್ಟಿನ ಕಥೆ

ನಾನು ಎಂ.ಫಾರ್ಮಾ ಮಾಡಿದ್ದು ಮಂಗಳೂರಲ್ಲಿ, ಫಾರ್ಮಾಸ್ಯೂಟಿಕಲ್ ಕೆಮಿಸ್ಟ್ರಿ ತಗೊಂಡು. ಬಿ.ಫಾರ್ಮಾ ಮುಗ್ಸಿದವ್ರು ಹೆಚ್ಚಿನವ್ರು ಫಾರ್ಮಸ್ಯೂಟಿಕ್ಸ್‌ಗೋ ಫಾರ್ಮಕಾಲಜಿಗೋ ಹೋಗ್ತಾರೆ, ಕೆಮಿಸ್ಟ್ರಿ ಅಂದ್ರೆ ಲ್ಯಾಬಿನ ವಾಸನೆ, ಕೈಯೆಲ್ಲ ಹಳದಿ, ಮೇಲಿಂದ ಸೀಟ್ ಕೂಡ ಖಾಲಿ ಇರ್ತದೆ. ಈಗ ಆಗಾಗ ಜೂನಿಯರ್‌ಗಳು ಮೆಸೇಜ್ ಮಾಡ್ತಾರೆ, ಅಕ್ಕ ಪ್ರಾಜೆಕ್ಟ್ ಹೇಗಿರ್ತದೆ, ನಿಜವಾಗ್ಲೂ ಹೊಸ ಮದ್ದು ಕಂಡುಹಿಡೀಲಿಕ್ಕೆ ಆಗ್ತದಾ ಅಂತ. ಒಬ್ಬೊಬ್ರಿಗೆ ಟೈಪ್ ಮಾಡಿ ಸಾಕಾಯ್ತು, ಹಾಗಾಗಿ ಒಟ್ಟಿಗೆ ಬರೀತಾ ಇದ್ದೇನೆ. ಉದ್ದ ಉಂಟು, ಟೈಮ್ ಇದ್ದಾಗ ಓದಿ.

ಗೈಡ್ ಆಗಿ ಸಿಕ್ಕಿದ ಮೇಡಂ ಮೊದಲು ಕೇಳಿದ್ದು ಯಾವ ಮಾಲಿಕ್ಯೂಲ್ ಅಂತಲ್ಲ, ಯಾವ ಕಾಯಿಲೆ ಅಂತ. ನಾನು ಟಿಬಿ ಅಂದೆ. ಪ್ರಪಂಚದ ಟಿಬಿ ಪೇಷಂಟ್‌ಗಳಲ್ಲಿ ಹೆಚ್ಚುಕಮ್ಮಿ ನಾಲ್ಕರಲ್ಲಿ ಒಬ್ರು ನಮ್ಮ ದೇಶದವ್ರು, ಆದ್ರೆ ಮೊದಲ ಸಾಲಿನ ಮದ್ದುಗಳೆಲ್ಲ ಅಜ್ಜಂದಿರ ಕಾಲದ್ದು. ಅದರಲ್ಲಿ ಐಸೋನಿಯಾಜಿಡ್ ಕಥೆ ನನಗೆ ಭಾರಿ ಇಷ್ಟ. ಅದನ್ನು ಪ್ರಾಗ್‌ನಲ್ಲಿ ಇಬ್ರು ಕೆಮಿಸ್ಟ್‌ಗಳು 1912ರಲ್ಲೇ ತಯಾರು ಮಾಡಿದ್ರು, ಅದು ಟಿಬಿ ಕ್ರಿಮಿಯನ್ನು ಕೊಲ್ತದೆ ಅಂತ ಯಾರಿಗೂ ಗೊತ್ತೇ ಇರ್ಲಿಲ್ಲ, ಹತ್ರ ಹತ್ರ 40 ವರ್ಷ ಆದ ಮೇಲೆ 1951-52ರ ಹೊತ್ತಿಗೆ ಮೂರು ಕಂಪೆನಿಗಳು ಬೇರೆ ಬೇರೆಯಾಗಿ ಒಂದೇ ಮಾಲಿಕ್ಯೂಲಿಗೆ ಬಂದು ಮುಟ್ಟಿದ್ವು, ಪೇಟೆಂಟ್ ಮಾಡುವಾ ಅಂತ ನೋಡಿದ್ರೆ ವಿಷಯ ಆಗ್ಲೇ ಪ್ರಿಂಟ್ ಆಗಿ ಹಳತಾಗಿದೆ. ಹಾಗಾಗಿ ಅಗ್ಗದ ಮದ್ದಾಯ್ತು. ಎಲ್ರಿಗೂ ಲಾಭ.

ಸೀನಿಯರ್‌ಗಳ ದಾರಿ ಸುಲಭದ್ದು. ಐಸೋನಿಯಾಜಿಡ್ ತಗೊಳ್ಳುದು, ಎಥನಾಲ್‌ನಲ್ಲಿ ಬೇರೆ ಬೇರೆ ಆಲ್ಡಿಹೈಡ್ ಒಟ್ಟಿಗೆ ಎರಡು ಹನಿ ಗ್ಲೇಶಿಯಲ್ ಅಸಿಟಿಕ್ ಆಸಿಡ್ ಹಾಕಿ ರಿಫ್ಲಕ್ಸ್ ಮಾಡುದು, ಅಂದ್ರೆ ಆವಿ ಹೊರಗೆ ಹೋಗದ ಹಾಗೆ ಕುದಿಸುದು, ಎರಡೂ ಜೋಡಿ ಆದ ಹೈಡ್ರಜೋನ್ ಬೀಳ್ತದೆ, ಫಿಲ್ಟರ್ ಮಾಡುದು, ಮುಗೀತು. ಆಲ್ಡಿಹೈಡ್ ಎಷ್ಟು ಬಾಟ್ಲಿ ಉಂಟೋ ಅಷ್ಟು ಹೊಸ ಕಾಂಪೌಂಡ್. ಟೆಸ್ಟಿಗೆ ಕೊಟ್ರೆ ರಿಸಲ್ಟೂ ಚೆಂದ ಬರ್ತದೆ. ನಾನೂ ಅದನ್ನೇ ಮಾಡ್ತೇನೆ ಅಂತ ಹೋದಾಗ ಮೇಡಂ ನಕ್ಕು, "ಅದು ಒಳಗೆ ಹೋಗಿ ಬಿಡಿಸ್ಕೊಂಡು ಐಸೋನಿಯಾಜಿಡ್ ಆಗಿಬಿಟ್ರೆ ನೀನು ಟೆಸ್ಟ್ ಮಾಡಿದ್ದು ಯಾವುದನ್ನು ಹೇಳು" ಅಂದ್ರು. ಹೌದಲ್ಲ. ಹೈಡ್ರಜೋನ್ ಬಾಂಡ್ ಆಸಿಡ್‌ನಲ್ಲಿ, ನೀರಲ್ಲಿ ನಿಧಾನಕ್ಕೆ ಕಡೀತದೆ. ಮತ್ತೆ ಐಸೋನಿಯಾಜಿಡ್ ನೇರ ಕೆಲಸ ಮಾಡುದೂ ಅಲ್ಲ, ಕ್ರಿಮಿಯ ಒಳಗಿರುವ ಕ್ಯಾಟ್‌ಜಿ ಅನ್ನುವ ಎಂಜೈಮ್ ಅದನ್ನು ಆಕ್ಟಿವೇಟ್ ಮಾಡ್ಬೇಕು, ಆಮೇಲೆ ಅದು ಕ್ರಿಮಿಯೊಳಗಿನ ಎನ್‌ಎಡಿ ಅನ್ನುವ ಮಾಲಿಕ್ಯೂಲ್ ಜೊತೆ ಸೇರಿ ಇನ್‌ಎಚ್‌ಎ ಅನ್ನುವ ಎಂಜೈಮನ್ನು ಬಂದ್ ಮಾಡ್ತದೆ, ಅದು ಬಂದ್ ಆದ್ರೆ ಟಿಬಿ ಕ್ರಿಮಿಯ ಗೋಡೆಗೆ ಬೇಕಾದ ಮೈಕೋಲಿಕ್ ಆಸಿಡ್ ತಯಾರಾಗುದಿಲ್ಲ. ಐಸೋನಿಯಾಜಿಡ್‌ಗೆ ಬಗ್ಗದ ಕ್ರಿಮಿಗಳಲ್ಲಿ ಬಹಳಷ್ಟಕ್ಕೆ ಕ್ಯಾಟ್‌ಜಿಯೇ ಕೆಟ್ಟಿರ್ತದೆ. ಅಂಥ ಕ್ರಿಮಿಗೆ ನಮ್ಮ ಹೈಡ್ರಜೋನ್ ಹಾಕಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ನಿಜವಾಗಿ ಬೇಕಾದದ್ದು ಆ ಕ್ರಿಮಿಗೆ ಮದ್ದು ಅಲ್ವಾ.

ಹಾಗೆ ಕ್ವಿನೊಲಿನ್ ಅನ್ನುವ ಜೋಡಿ ರಿಂಗಿಗೆ ಬಂದದ್ದು. ಕಾರಣ ಬೆಡಾಕ್ವಿಲಿನ್, ಆ ರಿಂಗ್ ಇರುವ ಟಿಬಿ ಮದ್ದು. ಜಾನ್ಸೆನ್ ಕಂಪೆನಿಯ ಕೋನ್ ಆಂಡ್ರೀಸ್ ಮತ್ತೆ ಅವ್ರ ಟೀಮ್ 2005ರಲ್ಲಿ ಪ್ರಕಟ ಮಾಡಿದ ಮಾಲಿಕ್ಯೂಲ್ ಅದು, 2012ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಕ್ರಿಮಿಯ ಎಟಿಪಿ ಸಿಂಥೇಸನ್ನು ಹಿಡಿಯುದು, ಅಂದ್ರೆ ಅದಕ್ಕೆ ಶಕ್ತಿ ತಯಾರು ಮಾಡುವ ಮೆಷೀನನ್ನೇ. ಮಜಾ ಎಂತ ಅಂದ್ರೆ ಅವ್ರು ಶುರು ಮಾಡಿದ್ದು ಟಾರ್ಗೆಟ್ ಇಟ್ಟುಕೊಂಡು ಅಲ್ಲ. ಸ್ಮೆಗ್ಮಾಟಿಸ್ ಅಂತ ಟಿಬಿ ಕ್ರಿಮಿಯ ಒಂದು ಸಾಧು ನೆಂಟ ಉಂಟು, ಬೇಗ ಬೆಳೀತದೆ, ಅದ್ರ ಮೇಲೆ ರಾಶಿ ರಾಶಿ ಕಾಂಪೌಂಡ್ ಹಾಕಿ ಯಾವುದು ಕೊಲ್ತದೆ ಅಂತ ನೋಡಿದ್ರು, ಕೊಂದ ಮೇಲೆ, ಬಗ್ಗದೆ ಉಳಿದ ಕ್ರಿಮಿಗಳ ಜೀನ್ ಓದಿ ಏಟು ಎಲ್ಲಿಗೆ ಬಿದ್ದದ್ದು ಅಂತ ಹುಡುಕಿದ್ರು. ನಮ್ಮಲ್ಲಿ ಎಲ್ಲ ಉಲ್ಟಾ. ಮೊದಲು ಡಾಕಿಂಗ್, ಆಮೇಲೆ ಉಳಿದದ್ದು.

ಡಾಕಿಂಗ್ ಬಗ್ಗೆ ಹೇಳಿಬಿಡ್ತೇನೆ. ಕಂಪ್ಯೂಟರ್‌ನಲ್ಲಿ ಪ್ರೊಟೀನಿನ ರಚನೆ ಇಳಿಸಿ, ನಮ್ಮ ಮಾಲಿಕ್ಯೂಲ್ ಬಿಡ್ಸಿ ಅದ್ರ ಗುಂಡಿಯಲ್ಲಿ ಕೂರ್ತದಾ ಅಂತ ನೋಡುದು, ಪ್ರೋಗ್ರಾಮ್ ಒಂದು ಸ್ಕೋರ್ ಕೊಡ್ತದೆ. ಹಾಸ್ಟೆಲ್‌ನಲ್ಲಿ ಕೂತು ಚಾ ಕುಡೀತಾ ಮಾಡ್ಬಹುದು, ಬಣ್ಣದ ಚಿತ್ರ ಥೀಸಿಸ್‌ಗೆ ಚೆಂದ. ಆದ್ರೆ ಉದ್ದ ಇರುವ, ಎಣ್ಣೆ ಅಂಶ ಜಾಸ್ತಿ ಇರುವ, ರಿಂಗ್ ಜಾಸ್ತಿ ಇರುವ ಮಾಲಿಕ್ಯೂಲ್ ಯಾವತ್ತೂ ಒಳ್ಳೆ ಸ್ಕೋರ್ ತಗೊಳ್ತದೆ, ತಾಗುವ ಜಾಗ ಜಾಸ್ತಿ ಅಲ್ವಾ. ಮತ್ತೆ ಆ ಪ್ರೋಗ್ರಾಮಿಗೆ ಕ್ರಿಮಿಯ ದಪ್ಪ ಮೇಣದ ಗೋಡೆ ಗೊತ್ತಿಲ್ಲ, ಹೊಟ್ಟೆ ಗೊತ್ತಿಲ್ಲ, ಲಿವರ್ ಗೊತ್ತಿಲ್ಲ. ನನ್ನ ಲಿಸ್ಟಲ್ಲಿ ಸ್ಕೋರಿನಲ್ಲಿ ಫಸ್ಟ್ ಬಂದ ಕಾಂಪೌಂಡ್ ಟೆಸ್ಟಲ್ಲಿ ಎಂತದ್ದೂ ಮಾಡ್ಲಿಲ್ಲ. ಡಾಕಿಂಗ್ ಬೇಡ ಅಂತಲ್ಲ, ಅದನ್ನು ಪ್ರೂಫ್ ಅಂತ ಬರೀಬೇಡಿ ಅಷ್ಟೇ.

ಈಗ ಲ್ಯಾಬ್. ನನಗೆ ಇಷ್ಟದ ಭಾಗ ಇದೇ, ಸ್ವಲ್ಪ ಜಾಸ್ತಿ ಬರೀತೇನೆ.

ಮೊದಲ ಸ್ಟೆಪ್ ಕ್ವಿನೊಲಿನ್ ರಿಂಗ್ ಕಟ್ಟುವ ಫಿಟ್ಜಿಂಗರ್ ರಿಯಾಕ್ಷನ್. ಐಸಾಟಿನ್ ಅಂತ ಕಿತ್ತಳೆ ಕೆಂಪಿನ ಪುಡಿ, ಅದನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡಿಗೆ ಹಾಕಿದ ಕೂಡ್ಲೆ ಕಪ್ಪು ನೇರಳೆ ಬಣ್ಣ ಬರ್ತದೆ, ಆಮೇಲೆ ರಿಂಗ್ ಬಿಚ್ಚಿಕೊಂಡ ಹಾಗೆ ಹಳದಿಗೆ ತಿರುಗ್ತದೆ, ಆಗ ಅಸಿಟೊಫಿನೋನ್ ಹಾಕಿ ರಿಫ್ಲಕ್ಸ್‌ಗೆ ಇಟ್ಟು ಬಿಡುದು. ತಣಿಸಿ, ಐಸಲ್ಲಿಟ್ಟು, ಅಸಿಟಿಕ್ ಆಸಿಡ್ ಹನಿ ಹನಿ ಬಿಟ್ರೆ ಪಿಎಚ್ ಐದರ ಹತ್ರ ಬರುವಾಗ ಬೀಕರ್ ತುಂಬ ಮೊಸರು ಒಡೆದ ಹಾಗೆ ಗಟ್ಟಿ ಬೀಳ್ತದೆ. ಅದನ್ನು ನೋಡುದೇ ಒಂದು ಖುಷಿ. ನಮ್ಮ ಲ್ಯಾಬಿನ ಅಟೆಂಡರ್ ಅಣ್ಣ ಪ್ರತಿ ಸಲ ಬಗ್ಗಿ ನೋಡಿ "ಬತ್ತ್‌ಂಡಾ?" ಅಂತ ತುಳುವಲ್ಲಿ ಕೇಳ್ತಿದ್ರು, ಬಂತು ಅಂದ್ರೆ ಅವ್ರಿಗೆ ನನಗಿಂತ ಜಾಸ್ತಿ ಸಮಾಧಾನ.

ಈ ಬಿದ್ದ ವಸ್ತು 2-ಫಿನೈಲ್‌ಕ್ವಿನೊಲಿನ್-4-ಕಾರ್ಬಾಕ್ಸಿಲಿಕ್ ಆಸಿಡ್. ಕರಗುವ ಬಿಂದು 213-216 ಡಿಗ್ರಿ. ಮೆಲ್ಟಿಂಗ್ ಪಾಯಿಂಟ್ ಟೇಬಲ್‌ಗೆ ರೆಫರೆನ್ಸ್ ಹುಡುಕುವಾಗ ಗೊತ್ತಾಯ್ತು, ಇದು ಬರೀ ಇಂಟರ್‌ಮೀಡಿಯೆಟ್ ಅಲ್ಲ, ಒಂದು ಕಾಲದಲ್ಲಿ ಜನ ನುಂಗಿದ ಮದ್ದೇ! ಸಿಂಕೊಫೆನ್ ಅಂತ ಹೆಸರು, 1908ರಲ್ಲಿ ಗೌಟ್‌ಗೆ ಅಂತ ಬಂದದ್ದು, ಯೂರಿಕ್ ಆಸಿಡ್ ಇಳಿಸ್ತಿತ್ತು, ನೋವಿಗೂ ಆಗ್ತಿತ್ತು, ಒಳ್ಳೆ ಓಡಿತು. ಆಮೇಲೆ ಲಿವರ್ ಹೋಗಿ ಜನ ಸಾಯ್ಲಿಕ್ಕೆ ಶುರು ಆದದ್ದು ಗೊತ್ತಾಗಿ ಮೂಲೆಗೆ ಸೇರಿತು. ನಾನು ಅದನ್ನೇ ಬುಡಕ್ಕೆ ಇಟ್ಟು ಟಿಬಿಗೆ ಮದ್ದು ಕಟ್ತಾ ಇದ್ದೇನೆ, ಅದೂ ಟಿಬಿ ಮದ್ದು ಅಂದ್ರೆ ಮೊದಲೇ ಲಿವರಿಗೆ ಭಾರ, ಆರು ತಿಂಗಳು ನುಂಗ್ಬೇಕು. ಮೇಡಂ ಹತ್ರ ಓಡಿದೆ. ಅವ್ರು ಗಾಬರಿ ಆಗ್ಲಿಲ್ಲ, "ಆಸಿಡ್ ಗ್ರೂಪ್ ಹೋಗಿ ಬೇರೆ ಬಂದ ಮೇಲೆ ಗುಣ ಬದ್ಲಾಗ್ತದೆ, ಆದ್ರೆ ನೆನಪಲ್ಲಿಟ್ಕೊ, ದೇಹದೊಳಗೆ ಅದು ತಿರುಗಿ ಆಸಿಡ್ ಆಗದ ಹಾಗೆ ನೋಡ್ಬೇಕು" ಅಂದ್ರು. ಈ ಮಾತು ಆಮೇಲೆ ಕೆಲಸಕ್ಕೆ ಬಂತು, ಮುಂದೆ ಹೇಳ್ತೇನೆ.

ಆಸಿಡನ್ನು ಎಸ್ಟರ್ ಮಾಡಿ, ಎಸ್ಟರಿಗೆ ಹೈಡ್ರಜಿನ್ ಹೈಡ್ರೇಟ್ ಹಾಕಿ ಹೈಡ್ರಜೈಡ್, ಅದಕ್ಕೆ ಆಲ್ಡಿಹೈಡ್‌ಗಳು, ಕೊನೆಗೆ ಹೈಡ್ರಜೋನ್‌ಗಳು, ಇವು ಕಡಿದ್ರೂ ಐಸೋನಿಯಾಜಿಡ್ ಬರುದಿಲ್ಲ ಅಲ್ವಾ. ಹೈಡ್ರಜಿನ್ ಹೈಡ್ರೇಟ್ ಅಂದ್ರೆ ವಿಷವೇ, ಕ್ಯಾನ್ಸರ್ ತರುವ ಸಂಶಯದ ಪಟ್ಟಿಯಲ್ಲಿ ಇರುವಂಥದ್ದು, ಫ್ಯೂಮ್ ಹುಡ್ ಕೆಲಸ ಮಾಡದಿದ್ರೆ ದಯವಿಟ್ಟು ಆ ದಿನ ಮುಟ್ಟಬೇಡಿ, ಗೈಡ್ ಬೈದ್ರೆ ಬೈಲಿ.

ಮಂಗಳೂರಲ್ಲಿ ಸಿಂಥೆಸಿಸ್ ಮಾಡುದಕ್ಕೆ ಪುಸ್ತಕದಲ್ಲಿ ಇಲ್ಲದ ಒಂದು ವಿಷಯ ಉಂಟು, ಅದು ಮಳೆಗಾಲ. ಜೂನ್ ಬಂತು ಅಂದ್ರೆ ಗಾಳಿಯೇ ಒದ್ದೆ. ಫಿಲ್ಟರ್ ಪೇಪರ್ ಮೇಲೆ ಒಣಗ್ಲಿಕ್ಕೆ ಇಟ್ಟ ಕಾಂಪೌಂಡ್ ಮರುದಿನ ಬಂದು ನೋಡಿದ್ರೆ ಅಂಟು ಅಂಟು. ಡೆಸಿಕೇಟರ್‌ನ ನೀಲಿ ಸಿಲಿಕಾ ಜೆಲ್ ಇವತ್ತು ಓವನ್‌ನಲ್ಲಿ ಒಣಗಿಸಿಟ್ರೆ ನಾಳೆಗೆ ಗುಲಾಬಿ. ತೂಕ ಮಾಡುವಾಗ ಬ್ಯಾಲೆನ್ಸಿನ ಕೊನೇ ಅಂಕೆ ನಿಲ್ಲುದೇ ಇಲ್ಲ, ಮೇಲೆ ಮೇಲೆ ಹೋಗ್ತಾನೇ ಇರ್ತದೆ, ಗಾಳಿಯ ನೀರು ಕುಡೀತಾ ಉಂಟು ಅಂತ ಅರ್ಥ. ಬೇಸಿಗೆಯಲ್ಲಿ ಇನ್ನೊಂದು ಕಥೆ, ಡೈಕ್ಲೋರೋಮೀಥೇನ್ ಅನ್ನುವ ಸಾಲ್ವೆಂಟ್ ಕುದಿಯುದು 40 ಡಿಗ್ರಿಯ ಹತ್ರ, ಏಪ್ರಿಲ್‌ನ ಮಧ್ಯಾಹ್ನ ಟಿಎಲ್‌ಸಿ (ವಸ್ತು ಶುದ್ಧ ಉಂಟಾ ಅಂತ ಚುಕ್ಕೆ ಇಟ್ಟು ನೋಡುವ ಟೆಸ್ಟ್) ಚೇಂಬರ್‌ನಲ್ಲಿ ಹಾಕಿಟ್ಟದ್ದು ಊಟಕ್ಕೆ ಹೋಗಿ ಬರುವಾಗ ಅರ್ಧ. ಕರೆಂಟ್ ಹೋದ್ರೆ ಸ್ಟಿರರ್ ನಿಲ್ತದೆ, ಮ್ಯಾಂಟಲ್ ತಣಿತದೆ, ಅಟೆಂಡರ್ ಅಣ್ಣ ಬಾಗಿಲಲ್ಲಿ ನಿಂತು "ಕುಡ ಕರೆಂಟ್ ಪೋಂಡಾ" ಅಂತ ನಗಾಡ್ತಾರೆ. ಹೈಡ್ರಜೋನ್‌ಗೆಲ್ಲ ಇದು ದೊಡ್ಡ ವಿಷಯ ಅಲ್ಲ, ತಿರುಗಿ ಬಿಸಿ ಮಾಡಿದ್ರಾಯ್ತು.

ಟಿಎಲ್‌ಸಿಯಲ್ಲಿ ಒಂದೇ ಚುಕ್ಕೆ, ಮೆಲ್ಟಿಂಗ್ ಪಾಯಿಂಟ್ ಗಟ್ಟಿ, ಮಾಸ್, ಅಂದ್ರೆ ಮಾಲಿಕ್ಯೂಲಿನ ತೂಕ, ಸರಿ. ಕ್ಲೋರೋ ಇರುವ ಕಾಂಪೌಂಡಿನ ಮಾಸ್ ಚೆಂದ ಇರ್ತದೆ, 386ರಲ್ಲಿ ಒಂದು ಪೀಕ್, 388ರಲ್ಲಿ ಅದ್ರ ಮೂರರಲ್ಲಿ ಒಂದು ಎತ್ತರದ ಇನ್ನೊಂದು, ಕ್ಲೋರಿನ್ ಉಂಟು ಅಂತ ಸಹಿ ಹಾಕಿದ ಹಾಗೆ. ಆದ್ರೆ ಹೊರಗೆ ಕಳ್ಸಿದ ಎನ್‌ಎಂಆರ್, ಅಂದ್ರೆ ಒಂದೊಂದು ಹೈಡ್ರೋಜನ್ ಎಲ್ಲುಂಟು ಅಂತ ಪೀಕಿನಲ್ಲಿ ತೋರಿಸುವ ಟೆಸ್ಟ್, ಬಂತು ನೋಡಿ, ಎಲ್ಲ ಪೀಕ್ ಎರಡೆರಡು. ಎನ್‌ಎಚ್ 12ರ ಹತ್ರ ಎರಡು, ಇಮೈನ್ ಹೈಡ್ರೋಜನ್ ಎರಡು. ಫ್ರೆಂಡ್ ನೋಡಿ "ಮಾರಾಯ್ತಿ ಇದು ಮಿಕ್ಸ್ಚರ್" ಅಂತ ಹೇಳಿಯೇ ಬಿಟ್ಳು. ಇನ್ನೊಮ್ಮೆ ಕ್ರಿಸ್ಟಲ್ ಮಾಡಿ ಕಳ್ಸಿದ್ರೂ ಅದೇ. ಮತ್ತೆ ನಮ್ಮ ಡಿಪಾರ್ಟ್‌ಮೆಂಟಿನ ಹಿರಿಯ ಸರ್ ಒಬ್ರು ನೋಡಿ ಎರಡು ನಿಮಿಷದಲ್ಲಿ ಬಿಡ್ಸಿದ್ರು. ಈ ಜಾತಿಯ ಹೈಡ್ರಜೋನ್‌ನಲ್ಲಿ ಅಮೈಡ್ ಬಾಂಡ್ ಸುಲಭದಲ್ಲಿ ತಿರುಗುದಿಲ್ಲ, ಒಂದೇ ವಸ್ತು ಎರಡು ಭಂಗಿಯಲ್ಲಿ ಇರ್ತದೆ, ಎನ್‌ಎಂಆರ್ ಎರಡನ್ನೂ ಬೇರೆ ಬೇರೆ ಕಾಣ್ತದೆ, ಟ್ಯೂಬ್ ಬಿಸಿ ಮಾಡಿ ರನ್ ಮಾಡಿಸಿದ್ರೆ ಎರಡೂ ಪೀಕ್ ಸೇರ್ತದೆ ಅಂತ. ಬಿಸಿ ಮಾಡಿಸಿದೆವು, ಸೇರಿತು. ದೊಡ್ಡ ನೀರಿನ ಪೀಕ್ ಮಾತ್ರ ಹೋಗ್ಲಿಲ್ಲ, ಅದು ನಮ್ಮ ಜುಲೈ ತಿಂಗಳಿನದ್ದು.

ಟಿಬಿ ಕ್ರಿಮಿಯನ್ನು ಎಲ್ಲಾ ಲ್ಯಾಬಲ್ಲಿ ಬೆಳೆಸ್ಲಿಕ್ಕೆ ಆಗುದಿಲ್ಲ, ಅದಕ್ಕೆ ಬೇರೆಯೇ ಸುರಕ್ಷತೆ ಬೇಕು. ಕೆಲವು ಮಿಲಿಗ್ರಾಂ ವಯಲ್‌ಗೆ ತುಂಬಿ, ಕೋಡ್ ನಂಬರ್ ಅಂಟಿಸಿ ಹೊರಗೆ ಕಳ್ಸುದು. ಅಲ್ಲಿ ಮಾಡುದು ಅಲಮರ್ ಬ್ಲೂ ಟೆಸ್ಟ್. 96 ಗುಳಿಗಳ ಪ್ಲೇಟಿನಲ್ಲಿ ಕಾಂಪೌಂಡನ್ನು ಅರ್ಧರ್ಧ ಮಾಡ್ತಾ ಇಳಿಸಿ, ಎಚ್37ಆರ್‌ವಿ ಅನ್ನುವ ಸ್ಟ್ಯಾಂಡರ್ಡ್ ಟಿಬಿ ತಳಿಯನ್ನು ಹಾಕಿ, ಕೆಲವು ದಿನ 37 ಡಿಗ್ರಿಯಲ್ಲಿಟ್ಟು, ನೀಲಿ ಬಣ್ಣ ಬಿಡ್ತಾರೆ. ಕ್ರಿಮಿ ಜೀವಂತ ಇದ್ರೆ ಗುಲಾಬಿ ಆಗ್ತದೆ, ನೀಲಿ ನೀಲಿಯಾಗಿಯೇ ಉಳಿದ್ರೆ ಬೆಳವಣಿಗೆ ನಿಂತಿದೆ. ರಿಪೋರ್ಟ್ ಫೋಟೋ ವಾಟ್ಸಾಪ್‌ನಲ್ಲಿ ಬಂದಾಗ ನಾನು ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಬಸ್ಸಿಗೆ ನಿಂತಿದ್ದೆ. ಆಲ್ಡಿಹೈಡಿನ ಕಡೆ ಹೈಡ್ರಾಕ್ಸಿ ಗ್ರೂಪ್ ಇರುವವು ಎಲ್ಲ ಫೇಲ್, ಮಿಲಿಲೀಟರಿಗೆ 100 ಮೈಕ್ರೊಗ್ರಾಂ ಹಾಕಿದ್ರೂ ಗುಲಾಬಿ. ಮೀಥಾಕ್ಸಿ ಮಧ್ಯಮ. ಪ್ಯಾರಾ-ಕ್ಲೋರೋ 6.25 ಮೈಕ್ರೊಗ್ರಾಂಗೇ ನೀಲಿ, ಸಂಖ್ಯೆ ಕಮ್ಮಿ ಆದಷ್ಟು ಒಳ್ಳೇದು. ನೈಟ್ರೋ ಕೂಡ ಅಷ್ಟೇ. ಬಸ್ಸಲ್ಲಿ ಸೀಟ್ ಸಿಕ್ಕದಿದ್ರೂ ನಗಾಡ್ತಾ ನಿಂತಿದ್ದೆ ದೇರಳಕಟ್ಟೆವರೆಗೆ.

ಇಲ್ಲಿಗೆ ನಮ್ಮ ಕಡೆಯ ಹೆಚ್ಚಿನ ಥೀಸಿಸ್ ಮುಗೀತದೆ. ಬಹಳಷ್ಟಕ್ಕೆ ಇಷ್ಟೂ ಇರುದಿಲ್ಲ, ಕಪ್ ಪ್ಲೇಟಲ್ಲಿ ಇ.ಕೋಲಿ, ಸ್ಟ್ಯಾಫ್ ಹಾಕಿ ಸುತ್ತ ಎಷ್ಟು ಮಿಲಿಮೀಟರ್ ಖಾಲಿ ಆಯ್ತು ಅಂತ ಸ್ಕೇಲ್ ಹಿಡಿದು ಅಳೆದು, "ಆಶಾದಾಯಕ" ಅಂತ ಬರ್ದು ಪೇಪರ್ ಮಾಡುದು. ನಂಗೆ ಅದು ಸರಿ ಕಾಣುದಿಲ್ಲ. ಫಿನಾಯಿಲ್ ಹಾಕಿದ್ರೂ ಕ್ರಿಮಿ ಸಾಯ್ತದೆ. ಮೆಡಿಸಿನಲ್ ಕೆಮಿಸ್ಟ್ರಿ ಅನ್ನುವ ಕೆಲಸ ಶುರು ಆಗುದೇ ಈ ನೀಲಿ ಗುಳಿ ಕಂಡ ಮೇಲೆ, ಕೊಲ್ಲುವ ಗುಣ ಇಟ್ಟುಕೊಂಡು ಮಿಕ್ಕ ಎಲ್ಲ ಗುಣ ಸರಿ ಮಾಡುದು.

ನಮ್ಮ ಮೇಡಂ ರಿಪೋರ್ಟ್ ನೋಡಿ ಒಳ್ಳೇದು ಅಂದ್ರು, ಒಂದು ಪೇಪರಿಗೆ ಪ್ರಶ್ನೆ ಬರೆದು ಕೊಟ್ರು. ಐಸೋನಿಯಾಜಿಡ್‌ಗೆ ಇದೇ ತಳಿಯಲ್ಲಿ 0.2ಕ್ಕಿಂತ ಕೆಳಗೆ ಸಾಕಾಗ್ತದೆ, ನಿನ್ನದು 6.25, ಹತ್ತಾರು ಪಟ್ಟು ಹಿಂದೆ, ಅದು ಮೊದಲ್ನೇದು. ನೈಟ್ರೋ ಇರುವುದನ್ನು ಮುಂದೆ ತಗೊಂಡು ಹೋಗ್ತೀಯಾ, ಆ ಗ್ರೂಪ್ ಡಿಎನ್‌ಎಗೆ ಪೆಟ್ಟು ಕೊಡುವ ಸಾಧ್ಯತೆ ಉಂಟಲ್ಲ? ಕ್ಲೋರೋ ಕಾಂಪೌಂಡಿನ ಲಾಗ್‌ಪಿ ಎಷ್ಟು? ಹೊಟ್ಟೆಯ ಆಸಿಡ್‌ನಲ್ಲಿ ಹೈಡ್ರಜೋನ್ ಎಷ್ಟು ಹೊತ್ತು ನಿಲ್ತದೆ? ಮನುಷ್ಯನ ಜೀವಕೋಶ ಎಷ್ಟರಲ್ಲಿ ಸಾಯ್ತದೆ?

ಲಾಗ್‌ಪಿ ಅಂದ್ರೆ ಎಣ್ಣೆಗೂ ನೀರಿಗೂ ಮಾಲಿಕ್ಯೂಲ್ ಹೇಗೆ ಹಂಚಿಹೋಗ್ತದೆ ಅನ್ನುವ ಲೆಕ್ಕ. ಫೈಜರ್‌ನ ಲಿಪಿನ್ಸ್ಕಿ 1997ರಲ್ಲಿ ಹೇಳಿದ ಐದರ ನಿಯಮ ಬಿ.ಫಾರ್ಮಾದಲ್ಲೇ ಬಾಯಿಪಾಠ ಮಾಡಿರ್ತೇವೆ, ತೂಕ 500 ದಾಟಬಾರ್ದು, ಲಾಗ್‌ಪಿ 5 ದಾಟಬಾರ್ದು, ಹೈಡ್ರೋಜನ್ ಬಾಂಡ್ ಕೊಡುವವು 5, ತಗೊಳ್ಳುವವು 10. ನನ್ನ ಕ್ಲೋರೋ ಕಾಂಪೌಂಡಿನ ತೂಕ 386, ಅದು ಪಾಸ್, ಲಾಗ್‌ಪಿ ಐದರ ಮೇಲೆ. ಅದನ್ನು ಕಂಪ್ಯೂಟರ್ ಹೇಳುವ ಮೊದ್ಲೇ ಲ್ಯಾಬ್ ಹೇಳಿತ್ತು, ಡಿಎಂಎಸ್‌ಓ ಅನ್ನುವ ಸಾಲ್ವೆಂಟಲ್ಲಿ ಕರಗಿಸಿ ನೀರಿಗೆ ಹಾಕಿದ್ರೆ ಬೆಳ್ಳಗೆ ಮಂಜು ಕಟ್ತಿತ್ತು. ನುಂಗಿದ್ರೆ ಕರುಳಲ್ಲೂ ಅದೇ ಗತಿ. ಸರಿ ಎಣ್ಣೆ ಅಂಶ ಕಡಿಮೆ ಮಾಡುವಾ ಅಂದ್ರೆ, ಟಿಬಿ ಕ್ರಿಮಿಯ ಮೇಣದ ಗೋಡೆ ದಾಟ್ಲಿಕ್ಕೆ ಅದೇ ಎಣ್ಣೆ ಅಂಶ ಬೇಕು. ಇದು ಪುಳಿಮುಂಚಿ ಮಾಡಿದ ಹಾಗೆ ಮಾರ್ರೆ, ಹುಳಿ ಕಮ್ಮಿ ಮಾಡುವಾ ಅಂತ ನೀರು ಹಾಕಿದ್ರೆ ಖಾರ, ಉಪ್ಪು ಎಲ್ಲ ಒಟ್ಟಿಗೆ ಇಳೀತದೆ.

ಬೆಡಾಕ್ವಿಲಿನ್ ಕೂಡ ಈ ರಗಳೆಯಿಂದ ತಪ್ಪಿಸ್ಕೊಂಡದ್ದಲ್ಲ. ತೂಕ 555, ಲಾಗ್‌ಪಿ 7ರ ಮೇಲೆ, ಐದರ ನಿಯಮಕ್ಕೆ ಸಲಾಂ ಹೊಡೆದು ದಾಟಿ ಹೋದ ಮಾಲಿಕ್ಯೂಲ್. ಹಾಗಾಗಿ ದೇಹದ ಒಳಗೆ ಸೇರಿದ್ರೆ ಹೊರಗೆ ಹೋಗ್ಲಿಕ್ಕೆ ಮನಸ್ಸೇ ಇಲ್ಲ, ಕೊನೇ ಹಂತದ ಅರ್ಧಾಯುಷ್ಯ, ಅಂದ್ರೆ ಉಳಿದದ್ದು ಅರ್ಧ ಆಗ್ಲಿಕ್ಕೆ ಹಿಡಿಯುವ ಸಮಯ, ಹೆಚ್ಚುಕಮ್ಮಿ ಐದೂವರೆ ತಿಂಗಳು. ಹಾರ್ಟಿನ ಒಂದು ಪೊಟ್ಯಾಸಿಯಂ ಚಾನೆಲ್ ಉಂಟು, ಹರ್ಗ್ ಅಂತ, ಅದಕ್ಕೂ ತಾಗ್ತದೆ, ಇಸಿಜಿಯಲ್ಲಿ ಕ್ಯೂಟಿ ಅನ್ನುವ ಅಂತರ ಉದ್ದ ಆಗ್ತದೆ, ಅಂದ್ರೆ ಹಾರ್ಟಿನ ಬಡಿತ ತಪ್ಪುವ ಅಪಾಯ. ಅದೇ ಚಾನೆಲ್‌ನಿಂದಾಗಿ ಟರ್ಫೆನಾಡಿನ್ ಅನ್ನುವ ಅಲರ್ಜಿ ಮಾತ್ರೆ ಮಾರ್ಕೆಟಿನಿಂದಲೇ ಹೋಯ್ತು, ಅದು ಲಿವರಲ್ಲಿ ಬದ್ಲಾಗಿ ಆಗುವ ಆಸಿಡ್ ರೂಪ ಹಾರ್ಟಿಗೆ ತಾಗುದಿಲ್ಲ ಅಂತ ಗೊತ್ತಾಗಿ ಅದನ್ನೇ ಮದ್ದು ಮಾಡಿದ್ರು, ಈಗ ನೀವು ಅಲರ್ಜಿಯ ಶೀತಕ್ಕೆ ತಗೊಳ್ಳುವ ಫೆಕ್ಸೊಫೆನಾಡಿನ್. ಬೆಡಾಕ್ವಿಲಿನ್‌ಗೂ ಈಗ ಟಿಬಿಎಜೆ-876 ಅಂತ ಎಲ್ಲ ತಮ್ಮಂದಿರು ಬಂದಿದ್ದಾರೆ, ಎಣ್ಣೆ ಅಂಶ ಕಮ್ಮಿ ಮಾಡಿ ಹರ್ಗ್‌ಗೆ ತಾಗುದನ್ನು ಇಳಿಸಿದ್ದು. ಮದ್ದು ಬಂದು ಇಷ್ಟು ವರ್ಷ ಆದ್ರೂ ಕೆಮಿಸ್ಟ್‌ಗಳು ಅದೇ ಒಂದು ಮಾಲಿಕ್ಯೂಲನ್ನು ತಿದ್ದುತ್ತಾ ಕೂತಿದ್ದಾರೆ.

ನಾನು ಎರಡನೇ ಸುತ್ತಿಗೆ ಇಳಿದೆ. ಮೊದಲು 2ನೇ ಜಾಗದ ಫಿನೈಲ್ ತೆಗೆದು ಬರೀ ಮೀಥೈಲ್, ಅಸಿಟೊಫಿನೋನ್ ಬದಲು ಅಸಿಟೋನ್ ಹಾಕಿದ್ರಾಯ್ತು. ಕರಗುದು ಚೆಂದ ಆಯ್ತು, ಮಂಜು ಇಲ್ಲ. ರಿಪೋರ್ಟಲ್ಲಿ 6.25 ಇದ್ದದ್ದು 50. ಕ್ರಿಮಿಗೆ ಅಲ್ಲಿ ಚಪ್ಪಟೆ ರಿಂಗೇ ಬೇಕು ಅಂತ ಗೊತ್ತಾಯ್ತು, ಅದೂ ಒಂದು ಮಾಹಿತಿ. ಆಮೇಲೆ ಹೈಡ್ರಜೋನ್. ಅದನ್ನು ಆಸಿಡ್ ನೀರಲ್ಲಿ 37 ಡಿಗ್ರಿಯಲ್ಲಿಟ್ಟು ಎಚ್‌ಪಿಎಲ್‌ಸಿಯಲ್ಲಿ (ಯಾವ ವಸ್ತು ಎಷ್ಟುಂಟು ಅಂತ ಪೀಕಿನಲ್ಲಿ ತೋರಿಸುವ ಮೆಷೀನ್) ನೋಡಿದ್ರೆ ಪೀಕ್ ಇಳೀತಾ ಹೋಗಿ ಪಕ್ಕದಲ್ಲಿ ಹೈಡ್ರಜೈಡ್ ಏಳ್ತಿತ್ತು. ಹೈಡ್ರಜೈಡ್ ಇನ್ನೂ ಕಡಿದ್ರೆ ಸಿಕ್ಕುದು ಎಂತ? ಹೈಡ್ರಜಿನ್, ಮತ್ತೆ ಅದೇ ಸಿಂಕೊಫೆನ್. ಮೇಡಂ ಅಂದು ಹೇಳಿದ್ದು ಇದನ್ನೇ.

ಹಾಗಾಗಿ ಕಡಿಯುವ ಬಾಂಡಿನ ಜಾಗಕ್ಕೆ ಕಡಿಯದ ರಿಂಗ್ ಕೂರ್ಸುವಾ ಅಂತ, 1,3,4-ಆಕ್ಸಾಡೈಅಜೋಲ್. ಹೈಡ್ರಜೈಡಿಗೆ ಆರೋಮ್ಯಾಟಿಕ್ ಆಸಿಡ್ ಸೇರಿಸಿ ಫಾಸ್ಫರಸ್ ಆಕ್ಸಿಕ್ಲೋರೈಡಿನಲ್ಲಿ ರಿಫ್ಲಕ್ಸ್. ಆ ಬಾಟ್ಲಿ ಮುಚ್ಚಳ ಮಳೆಗಾಲದಲ್ಲಿ ತೆಗೆದ್ರೆ ಗಾಳಿಯ ತೇವಕ್ಕೇ ಬಿಳಿ ಹೊಗೆ ಏಳ್ತದೆ, ಅದು ಹೈಡ್ರೋಕ್ಲೋರಿಕ್ ಆಸಿಡ್, ಮೂಗು ಗಂಟಲು ಉರಿ ಉರಿ. ಮುಗಿದ ಮೇಲೆ ಪುಡಿ ಐಸಿನ ಮೇಲೆ ಹನಿ ಹನಿಯಾಗಿ ಸುರೀಬೇಕು, ಗಡಿಬಿಡಿ ಮಾಡಿದ್ರೆ ಬೀಕರ್ ಕುದ್ದು ಹಾರ್ತದೆ, ಆಮೇಲೆ ಬೈಕಾರ್ಬನೇಟ್ ಹಾಕುವಾಗ ನೊರೆ ಟೇಬಲ್ ತುಂಬ. ನಮ್ಮ ಲ್ಯಾಬಿನ ಐಸ್ ಮೆಷೀನ್ ಕೆಟ್ಟ ವಾರ ಅಟೆಂಡರ್ ಅಣ್ಣ ಬಂದರ್ ದಕ್ಕೆಯಿಂದ ಮೀನಿನ ಐಸ್ ತಂದುಕೊಟ್ಟಿದ್ರು, ನೊಬೆಲ್ ಬಂದ್ರೆ ದಕ್ಕೆಗೂ ಪಾಲು ಕೊಡ್ಬೇಕು ಅಂತ ತಮಾಷೆ. ಈಲ್ಡ್, ಅಂದ್ರೆ ಕೈಗೆ ಸಿಕ್ಕಿದ ಪ್ರಮಾಣ, ಕೆಟ್ಟದಾಗಿತ್ತು, ಶುದ್ಧ ಮಾಡ್ಲಿಕ್ಕೆ ಕಾಲಮ್ ಹಾಕಿ ಹಾಕಿ ಕೈ ಸೋತಿತು. ಆದ್ರೆ ಕಾಂಪೌಂಡ್ ಆಸಿಡ್‌ನಲ್ಲಿ ಅಲ್ಲಾಡ್ಲಿಲ್ಲ, ಕ್ಲೋರೋ ಇರುವುದು 12.5. ಒಂದು ಮೆಟ್ಟಿಲು ಇಳಿದದ್ದು, ಆದ್ರೆ ನಿಜವಾದ ಮಾಲಿಕ್ಯೂಲಿನದ್ದೇ ಕೆಲಸ ಅಂತ ಗ್ಯಾರಂಟಿ.

ಕೊನೇದು ಎಂಟಿಟಿ ಟೆಸ್ಟ್, ಕಾಂಪೌಂಡ್ ಕ್ರಿಮಿ ಬಿಟ್ಟು ನಮ್ಮಂಥವ್ರ ಸೆಲ್ಲನ್ನೂ ಕೊಲ್ತದಾ ಅಂತ ನೋಡುದು, ಕೋತಿ ಕಿಡ್ನಿಯಿಂದ ಬಂದ ವೀರೋ ಸೆಲ್‌ಗಳ ಮೇಲೆ. ಇಲ್ಲಿ ಬಣ್ಣ ಉಲ್ಟಾ ಓದ್ಬೇಕು, ಹಳದಿ ನೇರಳೆಯಾದ್ರೆ ಸೆಲ್ ಬದುಕಿದೆ, ಒಳ್ಳೇದು. ಸೆಲ್ ಅರ್ಧ ಸಾಯುವ ಪ್ರಮಾಣವನ್ನು ಕ್ರಿಮಿ ನಿಲ್ಲುವ ಪ್ರಮಾಣದಿಂದ ಭಾಗಿಸಿದ್ರೆ ಸೆಲೆಕ್ಟಿವಿಟಿ ಇಂಡೆಕ್ಸ್, ಹತ್ತರ ಮೇಲೆ ಇದ್ರೆ ಮುಂದೆ ಹೋಗು ಅಂತ ರೂಢಿ. ಹೈಡ್ರಜೋನ್‌ನದ್ದು ಐದೂ ಮುಟ್ಲಿಲ್ಲ. ಅಂದ್ರೆ ಬಸ್‌ಸ್ಟ್ಯಾಂಡಲ್ಲಿ ನಗಾಡಿದ ಆ 6.25 ಕ್ರಿಮಿಯನ್ನೂ ಕೊಲ್ತದೆ, ಸಿಕ್ಕಿದ ಎಲ್ಲರನ್ನೂ ಕೊಲ್ತದೆ. ಆಕ್ಸಾಡೈಅಜೋಲ್‌ನದ್ದು ಎಂಟರ ಹತ್ರ. ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸಾಮಿನರ್ "ಒಟ್ರಾಶಿ ನಿಮ್ಮ ಬೆಸ್ಟ್ ಕಾಂಪೌಂಡ್ ಯಾವುದು" ಅಂತ ಕೇಳಿದ್ರು, ನಾನು 12.5ರದ್ದನ್ನು ತೋರಿಸಿದೆ. ಟೇಬಲಲ್ಲಿ 6.25 ಉಂಟಲ್ಲ ಅಂದ್ರು. ಅದ್ರ ಮೇಲೆಯೇ ಅರ್ಧ ಗಂಟೆ ಚರ್ಚೆ ಆಯ್ತು, ಒಳ್ಳೆ ಚರ್ಚೆ.

ಇನ್ನೊಂದು ವಿಷಯ, ಎಲ್ಲ ಆಗಿ ಮದ್ದಾದ್ರೂ ಜನರಿಗೆ ಮುಟ್ಬೇಕಲ್ಲ. ಬೆಡಾಕ್ವಿಲಿನ್‌ನ ಮೂಲ ಪೇಟೆಂಟ್ 2023ರ ಜುಲೈಗೆ ಮುಗಿಯುದಿತ್ತು, ಕಂಪೆನಿ ಅದೇ ಮದ್ದಿನ ಫ್ಯೂಮರೇಟ್ ಸಾಲ್ಟ್ ಅನ್ನುವ ರೂಪದ ಮೇಲೆ ಇನ್ನೊಂದು ಪೇಟೆಂಟ್ ಕೇಳಿತ್ತು. ಮುಂಬೈಯ ನಂದಿತಾ ವೆಂಕಟೇಶನ್ ಮತ್ತೆ ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ ಅದನ್ನು ವಿರೋಧಿಸಿ ಅರ್ಜಿ ಹಾಕಿದ್ರು, ಇಬ್ರೂ ಟಿಬಿ ಗೆದ್ದವ್ರು, ಹಳೇ ಮದ್ದುಗಳ ಸೈಡ್ ಇಫೆಕ್ಟಿಗೆ ಕಿವಿ ಕಳ್ಕೊಂಡವ್ರು. 2023ರ ಮಾರ್ಚಲ್ಲಿ ನಮ್ಮ ಪೇಟೆಂಟ್ ಆಫೀಸ್ ಕಂಪೆನಿಯ ಅರ್ಜಿ ತಿರಸ್ಕರಿಸಿತು. ಸಾಲ್ಟ್ ಫಾರ್ಮ್ ಅಂದ್ರೆ ಬಿ.ಫಾರ್ಮಾದಲ್ಲಿ ಎರಡು ಮಾರ್ಕಿನ ಪ್ರಶ್ನೆ, ಹೊರಗೆ ಅದ್ರ ಮೇಲೆ ಸಾವಿರಾರು ಜನರ ಮಾತ್ರೆಯ ರೇಟು ನಿಂತಿತ್ತು.

ನನ್ನ ಆಕ್ಸಾಡೈಅಜೋಲನ್ನು ಈಗ ಒಬ್ಳು ಜೂನಿಯರ್ ಮುಂದುವರಿಸ್ತಾ ಇದ್ದಾಳೆ. ಮೊನ್ನೆ ಫೋನ್ ಮಾಡಿ, ಅಕ್ಕ ನಾನು ಕ್ಲೋರೋ ಬದಲು ಬ್ರೋಮೋ, ಫ್ಲೋರೋ ಎಲ್ಲ ಹಾಕಿ ಸೀರೀಸ್ ದೊಡ್ಡ ಮಾಡ್ಲಾ ಅಂತ ಕೇಳಿದ್ಳು. ಅದು ಆಮೇಲೆ ಮಾಡು, ಮೊದಲು ಅಸಿಟೊಫಿನೋನ್ ತೆಗೆದು 3-ಅಸಿಟೈಲ್‌ಪಿರಿಡಿನ್ ಹಾಕು, ಚಪ್ಪಟೆ ರಿಂಗ್ ಹಾಗೇ ಉಳೀತದೆ, ರಿಂಗಲ್ಲಿ ಒಂದು ನೈಟ್ರೋಜನ್ ಬಂದ್ರೆ ಎಣ್ಣೆ ಅಂಶ ಇಳೀತದೆ, ಅದು ಕರಗ್ತದಾ ನೋಡಿ ಫೋಟೋ ಕಳ್ಸು ಅಂದೆ. 3-ಅಸಿಟೈಲ್‌ಪಿರಿಡಿನ್ ಸ್ಟೋರಲ್ಲಿ ಇಲ್ಲವಂತೆ, ಇಂಡೆಂಟ್ ಹಾಕಿದ್ದಾಳೆ.